ಫಾಸ್ಟ್ಯಾಗನ್ನು ಗಾಜಿಗೆ ಅಂಟಿಸಲೇಬೇಕೆ?

ಹೊಸ ಫಾಸ್ಟ್ಯಾಗನ್ನು ಗಾಜಿಗೆ ಅಂಟಿಸದೆ, ಟೋಲ್ ಬಂದಾಗ ಕೈಯಲ್ಲಿ ಹಿಡಿದು ತೋರಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಹಾಗೆ ಸಡಿಲವಾಗಿ ಇಟ್ಟುಕೊಂಡ ಟ್ಯಾಗುಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2025ರ ಜುಲೈನಲ್ಲಿಯೇ ಪ್ರಕಟಿಸಿದೆ.

ಅಂಟಿಸಬೇಕಾದದ್ದು ಮುಂಗಾಜಿನ ಒಳಮೈಗೆ, ಹಿನ್ನೋಟದ ಕನ್ನಡಿಯ ಹಿಂದೆ, ನಟ್ಟನಡುವೆ. ಗಾಜನ್ನು ಒರೆಸಿ, ತೇವ ಪೂರ್ತಿ ಆರಿದ ಮೇಲೆ ಟ್ಯಾಗಿನ ಹಿಂಬದಿಯ ಕಾಗದವನ್ನು ಸುಲಿದು, ಒಂದು ಅಂಚಿನಿಂದ ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋದರೆ ಗಾಳಿಗುಳ್ಳೆಗಳು ಉಳಿಯುವುದಿಲ್ಲ. ಆದರೆ ಜಾಗವನ್ನು ಮೊದಲೇ ನಿಶ್ಚಯಿಸಿಕೊಳ್ಳಿ; ಅಂಟಿಸಿದ್ದನ್ನು ಕಿತ್ತರೆ ಒಳಗಿನ ತೆಳುವಾದ ಆಂಟೆನಾ ಹರಿದು ಟ್ಯಾಗ್ ನಿರುಪಯುಕ್ತವಾಗುತ್ತದೆ. (ವಾರೆಯಾದದ್ದನ್ನು ನೇರಗೊಳಿಸಲು ಹೋಗಿ ನಾನೇ ಒಂದನ್ನು ಕಳೆದುಕೊಂಡಿದ್ದೇನೆ; ವಾರೆಯಾಗಿದ್ದರೂ ಅದು ಕೆಲಸ ಮಾಡುತ್ತಿತ್ತು.) ಟ್ಯಾಗಿನಲ್ಲಿ ಬ್ಯಾಟರಿಯಿಲ್ಲ, ಟೋಲ್ ಪಥದ ರೀಡರ್ ಹೊಮ್ಮಿಸುವ ರೇಡಿಯೋ ಅಲೆಗಳಿಂದಲೇ ಅದಕ್ಕೆ ಶಕ್ತಿ ದೊರೆಯುವುದರಿಂದ, ಲೋಹಲೇಪಿತ ಗಾಜಿದ್ದರೆ ಓದುವಿಕೆಗೆ ಅಡ್ಡಿಯಾಗಬಹುದು.

ಬೆಂಗಳೂರು–ಮೈಸೂರಿನಂತಹ ಟೋಲ್ ದಾರಿಯಲ್ಲಿ ಹೊರಡುವ ಮುನ್ನವೇ ಟ್ಯಾಗಿನ ಖಾತೆಯ ಹಣವನ್ನು ನೋಡಿಕೊಳ್ಳಿ. ಸಿಂಧುವಾದ ಟ್ಯಾಗ್ ಇಲ್ಲದಿದ್ದರೆ, 2025ರ ನವೆಂಬರ್ 15ರಂದು ಜಾರಿಗೆ ಬಂದ ನಿಯಮದ ಪ್ರಕಾರ, ಯುಪಿಐ ಮೂಲಕ ಒಂದೂಕಾಲು ಪಟ್ಟು ಶುಲ್ಕ ತೆರಬೇಕಾಗುತ್ತದೆ. ತಪ್ಪಾಗಿ ಹಣ ಕಡಿತವಾದರೆ ಟ್ಯಾಗ್ ನೀಡಿದ ಬ್ಯಾಂಕಿಗೆ ದೂರು ಕೊಡಿ. 1033 ಸಹಾಯವಾಣಿಯೂ ಇದೆ.