ಗದ್ದಲದಲ್ಲಿ ಮಗಳಿಗೆ ಮಾತು ಕೇಳಿಸುತ್ತಿಲ್ಲ, ವಾಲ್ಯೂಮ್ ಏರಿಸಲೇ?

ಪ್ರಶ್ನೆ: ಮಗಳಿಗೆ 9 ವರ್ಷ. ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕೇಳುವ ಸಾಧನ) ಆಗಿ 5 ವರ್ಷವಾಯಿತು. ಮನೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆದರೆ ಕ್ಲಾಸಿನಲ್ಲಿ, ಮದುವೆ ಮನೆಯಲ್ಲಿ ಕಷ್ಟ. ಗವಿಮಠದ ಜಾತ್ರೆಯಲ್ಲಂತೂ ಬರೀ 'ಏನಂದಿ ಅವ್ವಾ?' ಎನ್ನುವುದೇ ಆಯಿತು. ಮಷೀನ್ ಕೆಟ್ಟಿದೆಯಾ? ವಾಲ್ಯೂಮ್ ಏರಿಸಲೇ?
– ಒಬ್ಬ ತಾಯಿ, ಕೊಪ್ಪಳ

ಉತ್ತರ: ವಾಲ್ಯೂಮ್ ಮುಟ್ಟಬೇಡಿ. ಮಾತಿನ ಜೊತೆ ಗದ್ದಲವೂ ಏರುತ್ತದೆ ಅಷ್ಟೇ. ಒಳಗಿವಿಯಲ್ಲಿ ದನಿ ಹಿಡಿಯುವ ಸುಮಾರು 15,000 ಕೂದಲುಕೋಶಗಳ ಕೆಲಸವನ್ನು ಇಂಪ್ಲಾಂಟ್‌ನಲ್ಲಿ 12ರಿಂದ 22 ಎಲೆಕ್ಟ್ರೋಡ್‌ಗಳು (ನರಕ್ಕೆ ವಿದ್ಯುತ್ ಸಂಕೇತ ಕೊಡುವ ಬಿಂದುಗಳು) ಮಾಡಬೇಕು. ಒಬ್ಬರೇ ಮಾತಾಡುವಾಗ ಅಷ್ಟು ಸಾಕು. ಹತ್ತು ದನಿಗಳ ನಡುವೆ ಅವ್ವನ ದನಿ ಹೆಕ್ಕಲು ಸಾಲದು. ಒಂದೇ ಕಿವಿಯಾದ್ದರಿಂದ ದನಿ ಯಾವ ಕಡೆಯದು ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ.

ಆದರೂ ಹೊರಗೆ ಹಾಕುವ ಮಷೀನಿನ (ಪ್ರೊಸೆಸರ್) ಮೈಕ್ ಒಮ್ಮೆ ನೋಡಿ. ನಮ್ಮ ಕಡೆಯ ಧೂಳು, ಬೆವರು ಸೇರಿದರೆ ದನಿ ಮಂಕಾಗುತ್ತದೆ. ಬದಲಿಸುವಂಥ ಮೈಕ್ ಕವರ್ ಇದ್ದರೆ ಮೂರು ತಿಂಗಳಿಗೊಮ್ಮೆ ಬದಲಿಸಿ. ಬೆಳಿಗ್ಗೆ ಜಡೆ ಹಾಕುವಾಗ ಹೇಗೂ ಅವಳ ಹಿಂದೆಯೇ ಕೂತಿರುತ್ತೀರಿ, ಅಲ್ವಾ? ಆಗ ಆ, ಈ, ಊ, ಮ್, ಶ್, ಸ್ ಅಂತ ಒಂದೊಂದೇ ಹೇಳಿ, ಅವಳು ಹಾಗೆಯೇ ಹೇಳಲಿ. ನಿನ್ನೆ ಕೇಳಿಸಿದ 'ಸ್' ಇವತ್ತು ಕೇಳಿಸದಿದ್ದರೆ ಆಡಿಯಾಲಜಿಸ್ಟ್‌ಗೆ (ಕೇಳುವಿಕೆ ತಜ್ಞರಿಗೆ) ತಿಳಿಸಿ.

ಮ್ಯಾಪಿಂಗ್ (ಇಂಪ್ಲಾಂಟ್‌ನ ಸೆಟ್ಟಿಂಗ್ ಅವಳಿಗೆ ಹೊಂದಿಸುವುದು) ಮಾಡಿಸಿ ವರ್ಷ ದಾಟಿದ್ದರೆ ಹೇಗೂ ಅವರ ಬಳಿ ಹೋಗಬೇಕು. ಗದ್ದಲಕ್ಕೆಂದೇ ಬೇರೆ ಪ್ರೋಗ್ರಾಮ್ ಹಾಕಿಕೊಡಲು ಕೇಳಿ. ಅದರಲ್ಲಿ ಮೈಕ್ ಮುಂದಿನ ದನಿಯನ್ನೇ ಜಾಸ್ತಿ ಹಿಡಿಯುತ್ತದೆ. ರಸ್ತೆಯಲ್ಲಿ ಮಾತ್ರ ಅದು ಬೇಡ, ಹಿಂದಿನ ಬೈಕಿನ ಹಾರ್ನ್ ತಪ್ಪಿಹೋಗಬಹುದು. ಎಡಗಿವಿಯಲ್ಲಿ ಸ್ವಲ್ಪ ಕೇಳುವಿಕೆ ಉಳಿದಿದ್ದರೆ ಅದಕ್ಕೆ ಹಿಯರಿಂಗ್ ಏಡ್ ಹಾಕಬಹುದಾ, ಅದನ್ನೂ ಕೇಳಿ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು ದೂರ ಕಡಿಮೆ ಮಾಡುವುದು. ನಾಲ್ಕು ಅಡಿಯಿಂದ ಎರಡು ಅಡಿಗೆ ಬಂದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಗದ್ದಲ ಇದ್ದಷ್ಟೇ ಇರುತ್ತದೆ. ಕ್ಲಾಸಿನಲ್ಲಿ ಟೀಚರ್ ಹತ್ತಿರ ಬಂದು ನಿಲ್ಲಲಾಗದು. ಅದಕ್ಕೇ ರಿಮೋಟ್ ಮೈಕ್ ಇದೆ. ಟೀಚರ್ ಕೊರಳ ಬಳಿ ಸಿಕ್ಕಿಸಿಕೊಂಡರೆ ಅವರ ದನಿ ವೈರ್ ಇಲ್ಲದೆ ನೇರ ಪ್ರೊಸೆಸರ್‌ಗೆ ಹೋಗುತ್ತದೆ. ದುಬಾರಿ, ನಿಜ. ಆದರೆ ಖರ್ಚು ಮಾಡುವುದಿದ್ದರೆ ನಾನು ಇದಕ್ಕೇ ಮಾಡಿ ಅನ್ನುತ್ತೇನೆ. ಅಲ್ಲಿವರೆಗೆ, ಕಟಕಟ ಅನ್ನುವ ಫ್ಯಾನಿನ ಕೆಳಗೆ ಅವಳನ್ನು ಕೂರಿಸಬೇಡಿ ಅಂತ ಶಾಲೆಯಲ್ಲಿ ಹೇಳಿ. ಮುಂದಿನ ಸಾಲಿರಲಿ, ಬಲಗಿವಿ ಟೀಚರ್ ಕಡೆಗಿರಲಿ.

ಮದುವೆ ಊಟಕ್ಕೆ ಪಂಕ್ತಿಯ ತುದಿ ಹಿಡಿಯಿರಿ. ಸ್ಪೀಕರ್ ಅವಳ ಎಡಕ್ಕೆ, ನೀವು ಬಲಕ್ಕೆ. ಭುಜ ತಟ್ಟಿ, ಅವಳು ತಿರುಗಿದ ಮೇಲೆ ಮಾತಾಡಿ. ಆಗಲೂ ಕೇಳಿಸದಿದ್ದರೆ 'ಏನಿಲ್ಲ ಬಿಡು' ಅನ್ನಬೇಡಿ, ಮಾತು ಬದಲಿಸಿ ನೋಡಿ. 'ಬೇಕಾ?' ಅಂದದ್ದು ತಿಳಿಯದವಳಿಗೆ 'ಇನ್ನೊಂದು ಮಿರ್ಚಿ ತಿಂತೀಯಾ?' ಅಂದರೆ ತಿಳಿಯಬಹುದು.