ಸೋಡಾ ಕುಡಿದರೆ ಬೆಟ್ಟ ಹತ್ತುವ ಸ್ಟ್ಯಾಮಿನಾ ಕಡಿಮೆಯಾಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನಲ್ಲಿ ಕೂತು ಮಾಡುವ ಕೆಲಸ, ದಿನಕ್ಕೊಂದು 750 ಮಿಲಿ ಕೋಲಾ ಬಾಟಲಿ ಖಾಲಿ. ಒಂದೂವರೆ ತಿಂಗಳಲ್ಲಿ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಬೇಕು, ಆಮೇಲೆ ಪುಷ್ಪಗಿರಿ. ಅಮೆರಿಕದ ಪರ್ವತ ಬೇಟೆಗಾರರು ಸೀಸನ್‌ಗೆ ಮುಂಚೆ ಸೋಡಾ (ಅಲ್ಲಿ ಕೋಲಾದಂಥ ಸಿಹಿ ಪಾನೀಯಕ್ಕೂ ಹೀಗೇ ಅನ್ನುತ್ತಾರೆ) ಬಿಡುತ್ತಾರೆ ಅಂತ ಓದಿದ್ದೀರಿ. ಹಿಂದೆ ಕಾಡಿನಲ್ಲಿ ಬೇಟೆ ಆಡುತ್ತಿದ್ದ ಕೊಡಗಿನವರಿಗೆ ಅಷ್ಟು ದಮ್ಮು ಇದ್ದದ್ದು ಇಂಥದ್ದನ್ನೆಲ್ಲ ಮುಟ್ಟದೇ ಇದ್ದುದಕ್ಕಾ ಅಂತಲೂ ಕೇಳಿದ್ದೀರಿ.

ನಾನು ಕಕ್ಕಬ್ಬೆ ಕಡೆಯವನು. ಕಾಫಿ ತೋಟದ ಜೊತೆ ಸಣ್ಣದೊಂದು ಹೋಮ್‌ಸ್ಟೇ ಇದೆ. ಬಂದವರ ಜೊತೆ ಆಗಾಗ ಬೆಟ್ಟಕ್ಕೂ ಹೋಗುತ್ತೇನೆ. ಡಾಕ್ಟರ್ ಅಲ್ಲ, ಅದು ಗೊತ್ತಿರಲಿ.

ಕೋಲಾ ನಿಮ್ಮ ಸ್ಟ್ಯಾಮಿನಾವನ್ನು ನೇರವಾಗಿ ತಿಂದುಹಾಕುವುದಿಲ್ಲ. ದಮ್ಮು ಬರುವುದು ಹೃದಯ, ಶ್ವಾಸಕೋಶ ಮತ್ತು ಕಾಲಿನ ಸ್ನಾಯುಗಳಿಗೆ ಕೆಲಸ ಕೊಟ್ಟಾಗ. ಒಂದೂವರೆ ತಿಂಗಳು ಕೋಲಾ ಬಿಟ್ಟು ಅದೇ ಕುರ್ಚಿಯಲ್ಲಿ ಕೂತಿದ್ದರೆ ಬೆಟ್ಟದಲ್ಲಿ ಏದುಸಿರು ಒಂಚೂರೂ ಕಮ್ಮಿ ಆಗಲ್ಲ. ಕೋಲಾ ಕುಡಿಯುತ್ತಲೇ ವಾರಕ್ಕೆ ನಾಲ್ಕು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವನು ನಿಮಗಿಂತ ಮೊದಲು ತುದಿ ಮುಟ್ಟುತ್ತಾನೆ.

ಹಳೆಯ ಬೇಟೆಗಾರರ ವಿಷಯವೂ ಇದೇ. ನಮ್ಮ ಅಜ್ಜನ ಕಾಲದಲ್ಲಿ ಗದ್ದೆಗೆ, ಸಂತೆಗೆ, ನೆಂಟರ ಮನೆಗೆ ಎಲ್ಲದಕ್ಕೂ ನಡಿಗೆಯೇ. ಊರೇ ಏರು ತಗ್ಗು. ಅಂಥವರಿಗೆ ಬೇಟೆಯ ದಿನ ಅಂದರೆ ಸ್ವಲ್ಪ ಜಾಸ್ತಿ ನಡೆಯುವ ದಿನ, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಕೋವಿ ಉಳಿದಿದೆ. ಕೈಲ್ ಪೊಳ್ದ್ ಹಬ್ಬಕ್ಕೆ ಅದನ್ನು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತೇವೆ. ಈಗ ತೋಟದ ಮೇಲಿನ ತುದಿಗೂ ಜೀಪು. ಹಾಗಾಗಿ ಕೋಲಾ ಬಾಯಿಗೇ ಇಡದ ನಮ್ಮ ತೋಟದ ಧಣಿಗಳೂ ತಡಿಯಂಡಮೋಳ್‌ನಲ್ಲಿ ಅರ್ಧ ದಾರಿಗೆ ಕಲ್ಲಿನ ಮೇಲೆ ಕೂರುವುದನ್ನು ನೋಡಿದ್ದೇನೆ. ಕಾಫಿ ಕೊಯ್ಲಿನಲ್ಲಿ ಚೀಲ ಹೊತ್ತು ಇಳಿಜಾರಿನಲ್ಲಿ ಓಡಾಡುವ ಕೆಲಸದವರು ಸಕ್ಕರೆ ಸುರಿದ ಟೀ ಕುಡಿಯುತ್ತಾರೆ. ಅವರಿಗೆ ದಮ್ಮಿಗೆ ಬರ ಇಲ್ಲ.

ಹಾಗಂತ ನಿಮ್ಮ ಬಾಟಲಿಗೆ ಕ್ಲೀನ್ ಚಿಟ್ ಕೊಡುತ್ತಿಲ್ಲ. ಕೋಲಾದಲ್ಲಿ 100 ಮಿಲಿಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 750 ಮಿಲಿಗೆ ಹೆಚ್ಚುಕಡಿಮೆ 80 ಗ್ರಾಂ, ಅಂದರೆ 20 ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇಂಥ ಸಕ್ಕರೆಯಿಂದ ಬರಲಿ ಅನ್ನುತ್ತದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ನೀವು ಕಾಫಿ, ಬಿಸ್ಕತ್ತು ಸೇರಿಸುವ ಮೊದಲೇ ಅದನ್ನು ದಾಟಿದ್ದೀರಿ. ಇದರ ಪರಿಣಾಮ ನಿಧಾನ: ಸೊಂಟದ ಸುತ್ತ ಕೂರುತ್ತದೆ. ಆ ತೂಕವನ್ನು ನೀವೇ ಹೊತ್ತು ಹತ್ತಬೇಕು ಅಲ್ವಾ. ಚಪ್ಪಟೆ ರಸ್ತೆಯಲ್ಲಿ ಗೊತ್ತಾಗದ ನಾಲ್ಕು ಕೆಜಿ ಏರಿನಲ್ಲಿ ಗೊತ್ತಾಗುತ್ತದೆ. ಡಯಟ್ ಕೋಲಾದಲ್ಲಿ ಈ ಸಕ್ಕರೆ ಇಲ್ಲ. ಬರೀ ಗ್ಯಾಸ್ ತುಂಬಿದ ನೀರು, ಅಂದರೆ ಪ್ಲೇನ್ ಸೋಡಾ ಆಗಿದ್ದರಂತೂ ತಲೆ ಕೆಡಿಸಿಕೊಳ್ಳಲೇ ಬೇಡಿ.

ಕೋಲಾ ಕುಡಿದರೆ ಮೈಯಲ್ಲಿರುವ ನೀರೆಲ್ಲ ಹೊರಗೆ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಅದು ಅತಿ ಆಯಿತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಪಾನೀಯ ಕೊಟ್ಟು, ಮುಂದಿನ ಕೆಲವು ಗಂಟೆ ಮೂತ್ರ ಅಳೆದು ನೋಡಿದರು. ಕೋಲಾಕ್ಕೂ ನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಅದು ಆರಾಮವಾಗಿ ಕೂತವರ ಮೇಲೆ ಮಾಡಿದ್ದು. ಏರಿನಲ್ಲಿ ಲೆಕ್ಕ ಬೇರೆ.

ಬೆಟ್ಟದಲ್ಲಿ ಕೋಲಾ ಕೈಕೊಡುವುದು ಹೀಗೆ. ಶ್ರಮದ ಮಧ್ಯೆ ಶೇ. 6ರಿಂದ 8ರಷ್ಟು ಸಕ್ಕರೆ ಇರುವ ಪಾನೀಯ ಹೊಟ್ಟೆಯಿಂದ ಸಲೀಸಾಗಿ ಮುಂದೆ ಹೋಗುತ್ತದೆ. ಕೋಲಾ ಅದಕ್ಕಿಂತ ಗಟ್ಟಿ. ಹೊಟ್ಟೆಯಲ್ಲಿ ನಿಲ್ಲುತ್ತದೆ, ಕುಲುಕುತ್ತದೆ. ಮೇಲೆ ಗ್ಯಾಸ್ ಬೇರೆ. ನಾಲ್ಕು ಗುಟುಕಿಗೆ ಹೊಟ್ಟೆ ತುಂಬಿದ ಹಾಗೆ ಅನಿಸಿ, ಬೇಕಾದಷ್ಟು ನೀರು ಕುಡಿಯುವುದೇ ಇಲ್ಲ. ಇನ್ನು ಉಪ್ಪು. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂ ಸೋಡಿಯಂ ಹೋಗುತ್ತದೆ. ಕೋಲಾದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅಮೆರಿಕದವರ ಬೇಟೆಯನ್ನು ನಮ್ಮ ಟ್ರೆಕ್ಕಿಂಗ್‌ಗೆ ಹೋಲಿಸುವುದೂ ಸರಿಯಲ್ಲ. ಅವರು ಕೊಲೊರಾಡೊದಂಥ ಕಡೆ 3000 ಮೀಟರ್ ಎತ್ತರದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಹಿಂದೆ ದಿನಗಟ್ಟಲೆ ಅಲೆಯುತ್ತಾರೆ. ಸಿಕ್ಕರೆ ಮಾಂಸವನ್ನೂ ಹೊತ್ತು ಇಳಿಯಬೇಕು. ಗಾಳಿ ತೆಳು, ತಣ್ಣಗೆ, ಒಣ. ತಡಿಯಂಡಮೋಳ್ ಕೊಡಗಿನಲ್ಲೇ ಎತ್ತರದ ಬೆಟ್ಟ, ಆದರೂ 1748 ಮೀಟರ್ ಅಷ್ಟೇ. ಇಲ್ಲಿ ಗಾಳಿಯ ಕೊರತೆ ಇಲ್ಲ. ಉಸಿರು ಹತ್ತುವುದು ಬರೀ ಏರಿಗೆ. ನಮ್ಮ ತೊಂದರೆ ತೇವದ್ದು. ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ, ಅಂಗಿ ಹಿಂಡಿದರೆ ನೀರು. ನಾಲ್ಕುನಾಡು ಅರಮನೆಯಿಂದ ಹೊರಟರೆ ಕೆಳಗೆ ತೊರೆ ಸಿಗುತ್ತದೆ, ಮೇಲೆ ನೀರಿಲ್ಲ. ಕೊನೆಯ ಏರು ಶೋಲಾ ಕಾಡಿನೊಳಗೆ ಕಡಿದಾಗಿದೆ. ಬಾಟಲಿ ಖಾಲಿಯಾಗುವುದೂ ಅಲ್ಲೇ.

ಹೊರಡುವ ಅರ್ಧ ಮುಕ್ಕಾಲು ಗಂಟೆ ಮುಂಚೆ ಕೋಲಾ ಬೇಡ. ಕೆಲವರಿಗೆ ಸಕ್ಕರೆ ಸರ್ರನೆ ಏರಿ, ನಡೆಯಲು ಶುರು ಮಾಡಿದ ಹೊತ್ತಿಗೆ ಸರ್ರನೆ ಇಳಿದು ಕೈಕಾಲು ಸೋಲುತ್ತದೆ. ನಡೆಯುತ್ತಿರುವಾಗ ಸಿಹಿ ತಿಂದರೆ ಇಷ್ಟು ಏರಿಳಿತ ಇರುವುದಿಲ್ಲ. ದೂರದ ಓಟಗಾರರು, ಸೈಕಲ್ ರೇಸಿನವರು ಕೊನೆಯ ಹಂತದಲ್ಲಿ ಗ್ಯಾಸ್ ಬಿಟ್ಟ ಕೋಲಾ ಕುಡಿಯುವುದು ಇದಕ್ಕೇ. ಬೇಗ ಶಕ್ತಿ, ಜೊತೆಗೆ ಚೂರು ಕೆಫೀನ್. ಅವರ ನೀರು ಉಪ್ಪಿನ ವ್ಯವಸ್ಥೆ ಬೇರೆ ಇರುತ್ತದೆ, ಅದನ್ನು ಮರೆಯಬೇಡಿ.

ಕೆಫೀನ್ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಬಾಟಲಿಯಲ್ಲಿ ಸುಮಾರು 75 ಮಿಲಿಗ್ರಾಂ ಇದೆ. ಮೇಲೆ ಕಾಫಿಯೂ ಕುಡಿಯುತ್ತೀರಿ ಅಂದುಕೊಳ್ಳುತ್ತೇನೆ. ಟ್ರೆಕ್‌ಗೆ ಎರಡು ದಿನ ಮುಂಚೆ ಆವೇಶದಿಂದ ಎಲ್ಲ ಬಿಟ್ಟರೆ ತಲೆನೋವು, ಜೋಮು ಹಿಡಿದಂಥ ಸುಸ್ತು ಸರಿಯಾಗಿ ಬೆಟ್ಟದ ದಿನಕ್ಕೇ ಬರುತ್ತದೆ. ಬಿಡುವುದಾದರೆ ಇವತ್ತೇ ಅರ್ಧಕ್ಕೆ ಇಳಿಸಿ, ಎರಡು ವಾರದಲ್ಲಿ ಪೂರ್ತಿ ನಿಲ್ಲಿಸಿ. ಕಾಫಿ ಬಿಡಬೇಡಿ, ಅದು ಇರಲಿ. ಕೊಡಗಿನವನಾಗಿ ಹೀಗೆ ಹೇಳುತ್ತಿಲ್ಲ! ಶ್ರಮಕ್ಕೆ ಸಹಾಯ ಆಗುವಷ್ಟು ಕೆಫೀನ್ ಅಂದರೆ ಮೈತೂಕದ ಕೆಜಿಗೆ 3 ಮಿಲಿಗ್ರಾಂ ಆಸುಪಾಸು. 60 ಕೆಜಿಯವರಿಗೆ 180. ಅದನ್ನು ಕೋಲಾದಿಂದ ಪಡೆಯಲು ಹೋದರೆ ಹೆಚ್ಚುಕಡಿಮೆ ಎರಡು ಲೀಟರ್ ಕುಡಿಯಬೇಕು. ನಮ್ಮಲ್ಲಿ ಜಾಸ್ತಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ ಸಾಕು.

ಅದರ ಜೊತೆ ಅಕ್ಕಿ ರೊಟ್ಟಿಯೋ ಕಡುಬೋ ಹೊಟ್ಟೆಗೆ ಬೀಳಲಿ. ಹತ್ತುವಾಗ ಒಬ್ಬರಿಗೆ ಎರಡು ಲೀಟರ್ ನೀರು. ಅದರಲ್ಲಿ ಒಂದು ಲೀಟರ್‌ಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು, ನಿಂಬೆ ಹಿಂಡಿಕೊಳ್ಳಿ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ಸುಮ್ನೆ ಲೀಟರ್‌ಗಟ್ಟಲೆ ಬರೀ ನೀರು ಸುರಿದುಕೊಳ್ಳುವುದೂ ಒಳ್ಳೆಯದಲ್ಲ, ರಕ್ತದ ಸೋಡಿಯಂ ಇಳಿಯುತ್ತದೆ. ಚಳಿಗಾಲದಲ್ಲಿ ಬಂದರೆ ಕೊಡಗಿನ ಕಿತ್ತಳೆ ನಾಲ್ಕು ಚೀಲಕ್ಕೆ ಹಾಕಿ. ಇಳಿದ ಮೇಲೆ ಒಂದು ಉಪ್ಪು ನಿಂಬೆ ಸೋಡಾ ಕುಡಿಯಿರಿ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಬಿಪಿ, ಶುಗರ್ ಇದ್ದರೆ ಮಾತ್ರ ಈ ಉಪ್ಪು ಸಕ್ಕರೆಯನ್ನು ಮೊದಲು ನಿಮ್ಮ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಇನ್ನೊಂದು ಸೋಡಾ ಇದೆ, ಹಿಂದಿನ ರಾತ್ರಿ ಹೋಮ್‌ಸ್ಟೇಯಲ್ಲಿ ಮದ್ಯದ ಗ್ಲಾಸಿಗೆ ಬೀಳುವುದು. ಪಂದಿ ಕರಿ, ಗೆಳೆಯರು, ಕ್ಯಾಂಪ್ ಫೈರ್, ಎಲ್ಲ ಸರಿ. ಬೆಳಿಗ್ಗೆ ಅರ್ಧ ದಾರಿಯಲ್ಲಿ ವಾಂತಿ ಮಾಡಿಕೊಂಡವರನ್ನು ಕೇಳಿದಾಗ ಸಾಮಾನ್ಯವಾಗಿ ಗೊತ್ತಾಗುವುದು ಕೋಲಾದ ಕಥೆಯಲ್ಲ, ಇದರ ಕಥೆ. ನಿದ್ದೆಯೂ ಕೆಡುತ್ತದೆ, ಮೈಯ ನೀರೂ ಹೋಗುತ್ತದೆ. ಅದನ್ನು ಇಳಿದ ಮೇಲಿನ ರಾತ್ರಿಗೆ ಇಟ್ಟುಕೊಳ್ಳಿ.

ತಯಾರಿಗೆ ಆರು ವಾರ ಸಾಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ನಿಮ್ಮ ಊರಲ್ಲೇ ಇದೆ. ಮೊದಲ ಎರಡು ವಾರ ಬರಿಗೈಲಿ, ಆಮೇಲೆ ಬೆನ್ನಿಗೆ ನಾಲ್ಕೈದು ಕೆಜಿ ಬ್ಯಾಗ್ ಹಾಕಿಕೊಂಡು. ಇಳಿಯುವುದನ್ನೂ ನಡೆದೇ ಇಳಿಯಿರಿ, ತೊಡೆ ನೋವು ಬರುವುದು ಇಳಿಯುವಾಗಲೇ.

ಪುಷ್ಪಗಿರಿಯನ್ನು ಇದರ ಬೆನ್ನಿಗೇ ಇಟ್ಟುಕೊಳ್ಳಬೇಡಿ, ಎರಡು ವಾರ ಬಿಡಿ. ಎತ್ತರ 1712 ಮೀಟರ್, ತಡಿಯಂಡಮೋಳ್‌ಗಿಂತ ಕಡಿಮೆ, ಆದರೆ ಕುಕ್ಕೆ ಕಡೆಯಿಂದ ಹತ್ತಿದರೆ ದಾರಿ ಬಹಳ ಉದ್ದ. ದಾರಿ ಮಧ್ಯದ ಭಟ್ಟರ ಮನೆ ದಾಟಿದ ಮೇಲೆ ಬಯಲು ಹುಲ್ಲುಗಾವಲು, ಬಿಸಿಲು ನೇರ ನೆತ್ತಿಗೆ. ಅಲ್ಲಿಗೆ ಮೂರು ಲೀಟರ್ ಬೇಕು. ಮೊದಲ ಸಲ ಆದ್ದರಿಂದ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ.