ಸ್ಫೂರ್ತಿಗಾಗಿ ಬೆಂಗಳೂರಿನ ಬಸ್ಸು ಹತ್ತಬೇಕೆ?

ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ಹೀಗೆ ಬರೆದಿದ್ದಾರೆ: “ಬಹಳ ದಿನಗಳಿಂದ ಒಂದು ಕವಿತೆಯೂ ಕೈಗೂಡುತ್ತಿಲ್ಲ. ನಮ್ಮೂರಲ್ಲಿ ಸಾಹಿತ್ಯದ ವಾತಾವರಣವೇ ಇಲ್ಲ. ಗ್ರಂಥಾಲಯಕ್ಕೆ ಹೋದರೆ, ಫ್ಯಾನಿನ ಕೆಳಗೆ ಹೆಬ್ಬೆರಳನ್ನು ಮೆಣಸಿನಕಾಯಿ ಧಾರಣೆಯ ಮೇಲಿಟ್ಟುಕೊಂಡು ನಿದ್ದೆಹೋದ ಹಿರಿಯರು ಕಾಣುತ್ತಾರೆ. ಸಾಹಿತ್ಯ ಬಳಗವೊಂದಿದೆ, ಅಲ್ಲಿ ಸೇರುವವರೂ ನಿವೃತ್ತರೇ. ಬೆಂಗಳೂರಿಗೆ ಬಂದು ಶಿಬಿರವೊಂದನ್ನು ಸೇರುವುದೇ ದಾರಿಯೆ?”

ಮಾನ್ಯರೇ, ಪತ್ರದೊಂದಿಗೆ ನೀವು ಕಳಿಸಿರುವ ಹಳೆಯ ಕವಿತೆಗಳಲ್ಲಿ ಬೆಳದಿಂಗಳು ಧಾರಾಳವಾಗಿದೆ. ಆದರೆ ಆ ಹೆಬ್ಬೆರಳಿನಂಥ ಒಂದು ಸಾಲು ಅವುಗಳಲ್ಲಿ ಇಲ್ಲ. ಯಾವುದನ್ನು ನೀವು ಸ್ಫೂರ್ತಿಯ ಅಭಾವವೆಂದು ದೂರಿದ್ದೀರೋ ಅದನ್ನೇ ವರ್ಣಿಸುವಾಗ ನಿಮ್ಮ ಗದ್ಯ ಜೀವ ತಳೆದಿದೆ ಎಂಬುದನ್ನು ನೀವು ಗಮನಿಸಲಿಲ್ಲವೆಂದು ಕಾಣುತ್ತದೆ.

ಏಕಾಂತವೇ ಬರಹಗಾರನ ನಿಜವಾದ ಪಾಠಶಾಲೆ ಎನ್ನುವವರಿದ್ದಾರೆ; ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕುಳಿತು ಬರೆದದ್ದನ್ನು ಅವರು ಉದಾಹರಿಸುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಶಿಬಿರಗಳಿಂದಲೂ ಕೆಲವರಿಗೆ ಉಪಯೋಗವಾಗಿರಬಹುದು. ಆದರೆ ಏಕಾಂತದ ಕವಿಯೆಂದು ನಾವು ಕವಿಶೈಲದ ಮೇಲೆ ಕೂರಿಸಿರುವ ಕುವೆಂಪು ಅವರನ್ನೇ ನೋಡಿ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಆ ತರುಣ 1924ರಲ್ಲಿ ತನ್ನ ಪದ್ಯಗಳನ್ನು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದಾಗ, ನಿಮ್ಮ ಭಾಷೆಯಲ್ಲೇಕೆ ಬರೆಯಬಾರದು ಎಂದು ಅವರು ಕೇಳಿದರು. ಬರೆದದ್ದನ್ನು ಇನ್ನೊಬ್ಬರ ಮುಂದೆ ಇಟ್ಟಿದ್ದರಿಂದಲೇ ಆ ಪ್ರಶ್ನೆ ಬಂದಿತು.

ನಿಮ್ಮ ಜಿಲ್ಲೆಯೇ 1997ರವರೆಗೆ ಧಾರವಾಡದ ಭಾಗವಾಗಿತ್ತು. ಹಾಗಿರುವಾಗ ನಿಮಗೆ ಬೆಂಗಳೂರು ನೆನಪಾದದ್ದು ನನಗೆ ತುಸು ಬೇಸರ ತಂದಿದೆ. ಬೇಂದ್ರೆಯವರ ಗೆಳೆಯರ ಗುಂಪು ಕೂಡಿದ್ದು ಧಾರವಾಡದಲ್ಲಿ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ್ದೂ ಅಲ್ಲಿಯೇ. ಅದರ ಕಚೇರಿಯಾದ ‘ಅಟ್ಟ’ದಲ್ಲಿ ಪುಸ್ತಕ ಅಚ್ಚಾದಷ್ಟೇ ಮಾತೂ ನಡೆಯಿತು. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳೇ ಇಲ್ಲವೆಂದು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಆಕ್ಷೇಪಿಸಿದ್ದರಿಂದಲೇ ತಾವು ಇತಿಹಾಸದ ಪುಸ್ತಕ ಹಿಡಿದು ಕೂತದ್ದಾಗಿ ಗಿರೀಶ ಕಾರ್ನಾಡರು ಹೇಳಿಕೊಂಡಿದ್ದಾರೆ. ಹಾಗೆ ಓದುತ್ತ ಹೋದಾಗ ಎದುರಾದವನು, ಮುಂದೆ ಅವರ ನಾಟಕದ ನಾಯಕನಾದ ತುಘಲಕ್. ಒಬ್ಬ ಹಿರಿಯರ ತಕರಾರು ಮತ್ತು ಒಂದು ಇತಿಹಾಸದ ಪುಸ್ತಕ, ಇವೆರಡೇ ಅಲ್ಲಿದ್ದ ಬಂಡವಾಳ.

ಧಾರವಾಡವೂ ದೊಡ್ಡ ಊರೇ ಎನ್ನುವಿರಾದರೆ, ವಿಜಯಪುರ ಜಿಲ್ಲೆಯ ಹಲಸಂಗಿಯಂಥ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಕೂಡಿಕೊಂಡರು. ಅವರಿಗೆ ಶಿಬಿರ ನಡೆಸುವವರು ಯಾರೂ ಇರಲಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳಿಗೆ ಕಿವಿಗೊಟ್ಟು, ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಆ ಹಾಡುಗಳಲ್ಲಿ ಸಾಹಿತ್ಯವಿದೆಯೆಂದು ಗುರುತಿಸಲು ಊರಿನ ಗೆಳೆಯರೇ ಸಾಕಾದರು.

ನಿವೃತ್ತರ ಬಗ್ಗೆ ನೀವು ಆಡಿದ ಮಾತಿಗೆ ನನ್ನ ಆಕ್ಷೇಪವಿದೆ. ಮಲೆನಾಡಿನ ಸಣ್ಣ ಊರೊಂದರ ಶಾಲಾ ಕೊಠಡಿಯಲ್ಲಿ ಸೇರುವ ಇಂಥದೇ ಬಳಗದಲ್ಲಿ ಒಮ್ಮೆ ನಾನು ಅತಿಥಿಯಾಗಿದ್ದೆ. ತರುಣನೊಬ್ಬ ಅಜ್ಜಿಯ ಸಾವಿನ ಕುರಿತು ಕಥೆ ಓದಿದ. ಮಳೆ, ದೀಪ, ಕಣ್ಣೀರು ಎಲ್ಲವೂ ಸಾಲಾಗಿ ಬಂದುಹೋದವು. ನಾವೆಲ್ಲ ಮರ್ಯಾದೆಗೆ ತಲೆಯಾಡಿಸುತ್ತಿದ್ದಾಗ, ಹಿಂದಿನ ಬೆಂಚಿನಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ಟರರು, “ಅವತ್ತು ನಿಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಕ್ಕಿಲ್ಲವಲ್ಲ ತಮ್ಮಾ, ಊಟ ತಂದವರು ಯಾರು?” ಎಂದು ಕೇಳಿದರು. ಹುಡುಗ ತಡವರಿಸಿ, ಬೇಲಿಯ ಜಾಗಕ್ಕಾಗಿ ತಮ್ಮ ಮೇಲೆ ದಾವೆ ಹೂಡಿದ್ದ ಪಕ್ಕದ ಮನೆಯವರೇ ಪಾತ್ರೆ ತುಂಬ ಗಂಜಿ ತಂದಿಟ್ಟು ಮಾತಾಡದೆ ಹೋದರೆಂದ. ಕೆಲವು ತಿಂಗಳ ಬಳಿಕ ಆ ಗಂಜಿಯ ಕಥೆ ನಮ್ಮ ಪತ್ರಿಕೆಗೆ ಬಂದಿತು, ಅದರಲ್ಲಿ ಮಳೆಯಿರಲಿಲ್ಲ. ಸಾವಿನ ಮನೆಯ ರೀತಿನೀತಿ ಬಲ್ಲ ಊರಿನವರು ಕೇಳುವ ಇಂಥ ಪ್ರಶ್ನೆ ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ನಿಮಗೆ ಸುಲಭವಾಗಿ ದೊರೆಯಲಾರದು.

ಎಲ್ಲ ಬಳಗಗಳೂ ಹೀಗಿರುವುದಿಲ್ಲವೆಂಬುದು ನನಗೂ ಗೊತ್ತು. ಶಾಲು, ಹಾರ, ಸ್ಮರಣಿಕೆಗಳಲ್ಲೇ ಸಂಜೆ ಮುಗಿಸಿ, ಕೊನೆಯಲ್ಲಿ ಹದಿನೈದು ಕವಿಗಳಿಗೆ ತಲಾ ಎರಡು ನಿಮಿಷ ಹಂಚುವ ಕವಿಗೋಷ್ಠಿಗಳಿಂದ ದೂರವಿರಿ. ಓದಿದ ಮೇಲೆ ಒಬ್ಬರಾದರೂ ‘ಇದು ಸರಿಬರಲಿಲ್ಲ’ ಎಂದು ಹೇಳುವ ಧೈರ್ಯ ಮಾಡುವ ಕಡೆ ಹೋಗಿ ಕೂರಿ.

ಇನ್ನು ಗ್ರಂಥಾಲಯ. ಬೇಕಾದ ಪುಸ್ತಕವನ್ನು ಮನೆಗೇ ತರಿಸಿಕೊಳ್ಳಬಹುದು, ಆದರೆ ಬೇಕೆಂದು ನಮಗೆ ಗೊತ್ತೇ ಇಲ್ಲದ ಪುಸ್ತಕ ಕಪಾಟಿನ ಮುಂದೆ ನಿಂತವರಿಗಷ್ಟೇ ಸಿಗುತ್ತದೆ. ದುಃಖದ ಸಂಗತಿಯೆಂದರೆ, ಅನೇಕ ಊರುಗಳಲ್ಲಿ ಆ ಕಪಾಟಿನ ಮುಂದೆ ನಿಲ್ಲುವುದೇ ಕಷ್ಟವಾಗಿದೆ. ಕಥೆ, ಕಾದಂಬರಿಗಳು ಕಬ್ಬಿಣದ ಬೀರುವಿನೊಳಗೆ, ಬೀಗದ ಕೈ ಮೇಲ್ವಿಚಾರಕರ ಜೇಬಿನಲ್ಲಿ, ಮೇಲ್ವಿಚಾರಕರು ಸಭೆಯಲ್ಲಿ. ಮೇಜುಗಳನ್ನೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳು ಆವರಿಸಿಕೊಂಡಿವೆ. ಅವುಗಳ ಮುಂದೆ ಕುಳಿತ ಮಕ್ಕಳನ್ನು ನಾನು ದೂರುವುದಿಲ್ಲ, ಅವರಿಗೆ ಓದಲು ಬೇರೆ ಜಾಗವಿಲ್ಲ. ದೂರಬೇಕಾದದ್ದು ಹಣದ ವಿಷಯವನ್ನು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ವಸೂಲಿ ತಪ್ಪುವುದಿಲ್ಲ, ಒಪ್ಪಿಸುವುದು ಮಾತ್ರ ಹಲವೆಡೆ ವರ್ಷಗಟ್ಟಲೆ ಬಾಕಿ. ರಸ್ತೆಗೆ ಗುಂಡಿ ಬಿದ್ದರೆ ಊರೇ ಕೂಗುತ್ತದೆ, ಗ್ರಂಥಾಲಯಕ್ಕೆ ವರ್ಷವಿಡೀ ಹೊಸ ಪುಸ್ತಕ ಬಾರದಿದ್ದರೆ ಬರಹಗಾರರೂ ಸುಮ್ಮನಿರುತ್ತಾರೆ.

ಆದ್ದರಿಂದ ನಿಮಗೆ ಮೊದಲ ಬರವಣಿಗೆಯನ್ನು ನಾನೇ ಸೂಚಿಸುತ್ತೇನೆ. ಕಳೆದ ಐದು ವರ್ಷಗಳಲ್ಲಿ ನಿಮ್ಮ ಊರಿನಲ್ಲಿ ಸಂಗ್ರಹವಾದ ಗ್ರಂಥಾಲಯ ಕರವೆಷ್ಟು, ಅದರಲ್ಲಿ ಪಾವತಿಯಾದದ್ದೆಷ್ಟು ಎಂದು ಮಾಹಿತಿ ಹಕ್ಕಿನಡಿ ಪುರಸಭೆಗೆ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರ 30 ದಿನಗಳೊಳಗೆ ಬರಬೇಕು. ಬಳಗದ ನಿವೃತ್ತರಲ್ಲಿ ಕಚೇರಿಯ ಕಡತ ಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅರ್ಜಿಯ ಒಕ್ಕಣೆಯನ್ನು ಅವರಿಗೆ ಓದಿ ತೋರಿಸಿ. ಬಂದ ಉತ್ತರದ ಪ್ರತಿಯನ್ನು ನಮಗೂ ಕಳಿಸಿ, ನಿಮ್ಮ ಕವಿತೆಗಳಿಗಿಂತ ಮೊದಲು ಅದನ್ನು ಅಚ್ಚು ಹಾಕುತ್ತೇವೆ.

— ಸಂಪಾದಕ